ಸುಗಂಧವರ್ತಿಯ ಜಿನಾಲಯಗಳು ಮತ್ತು ರಟ್ಟಶಾಸನಗಳ ಕಾಲವಿಚಾರ

ಬೆಳಗಾವಿ ಜಿಲ್ಲೆಯ ಸವದತ್ತಿಯು ಇಂದು ತಾಲೂಕಿನ ಮುಖ್ಯಸ್ಥಳವಾಗಿರುವ ಒಂದು ಸಣ್ಣ ಪಟ್ಟಣ. ನಾಡಿನ ಬಹುಜನರಿಗೆ ಅದು ಸಮೀಪದ ಗುಡ್ಡದ ಮೇಲೆ ನೆಲೆಸಿರುವ ಎಲ್ಲಮ್ಮದೇವಿಯ ಕ್ಷೇತ್ರದ ಮೂಲಕವೇ ಪರಿಚಿತವಾಗಿದೆ. ಶಾಸನಾಭ್ಯಾಸಿಗಳಿಗಾದರೋ ಅದು ಸುಗಂಧವರ್ತಿ, ಅಂದರೆ ಕೂಂಡಿ ಮೂರುಸಾಸಿರ ನಾಡನ್ನು ಆಳಿದ ರಟ್ಟರ ರಾಜಧಾನಿ. ಕರ್ನಾಟಕದ ಜೈನಧರ್ಮದ ಇತಿಹಾಸವನ್ನು ಬರೆಯುವವರು ಶ್ರವಣಬೆಳಗೊಳ, ಕೊಪ್ಪಳ, ಪುಲಿಗೆರೆಗಳ ಜೊತೆಗೆ ಈ ಊರಿನ ಹೆಸರನ್ನೂ ಎತ್ತಲೇಬೇಕು. ಆದರೆ ಮೇಲಿನ ಸ್ಥಳಗಳಿಗೂ ಸವದತ್ತಿಗೂ ಒಂದು ಭೇದವುಂಟು. ಸವದತ್ತಿಯಲ್ಲಿ ಪೃಥ್ವೀರಾಮನ ಅಥವಾ ಶಾಂತಿವರ್ಮನ ಬಸದಿ ಇದೇ ಎಂದು ಬೆರಳಿಟ್ಟು ತೋರಿಸಬಹುದಾದ ಕಟ್ಟಡವಿಲ್ಲ. ಕಟ್ಟಡ ಹೋಗಿ ಕಲ್ಲಿನ ಬರಹ ಉಳಿದಿದೆ. ಆದ್ದರಿಂದ ಈ ಊರಿನ ಜೈನ ಇತಿಹಾಸವೆಂಬುದು ಬಹುಮಟ್ಟಿಗೆ ಕೆಲವು ಶಿಲಾಲೇಖಗಳನ್ನು ಹೇಗೆ ಓದಬೇಕೆಂಬ ಪ್ರಶ್ನೆಯೇ ಆಗಿದೆ.

ಪ್ರಸ್ತುತ ಲೇಖನದಲ್ಲಿ ಮೊದಲು ಊರಿನ ಹೆಸರು ಮತ್ತು ನೆಲೆಯನ್ನು, ಅನಂತರ ಅಲ್ಲಿಯ ಮುಖ್ಯ ಶಾಸನಗಳನ್ನು ಪರಿಚಯಿಸಿ, ಅವುಗಳಲ್ಲಿ ಅತ್ಯಂತ ಪ್ರಾಚೀನವೆಂದು ಹೇಳಲಾಗುವ ಶಕ 797ರ ಉಲ್ಲೇಖದ ಕಾಲವನ್ನು ವಿಚಾರಿಸಲಾಗುವುದು. ಹಸ್ತಪ್ರತಿಗಳ ಪರಿಷ್ಕರಣದಲ್ಲಿ ನಾವು ನಿತ್ಯವೂ ಅನುಸರಿಸುವ ನಿಯಮಗಳು ಶಿಲಾಲೇಖಗಳಿಗೂ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದು ಇದರಿಂದ ಸ್ಪಷ್ಟವಾಗಬಹುದು.

1. ಹೆಸರು ಮತ್ತು ನೆಲೆ

ಶಾಸನಗಳಲ್ಲಿ ಈ ಊರಿಗೆ ಸುಗಂಧವರ್ತಿ, ಸವಂಧವತ್ತಿ ಎಂಬ ರೂಪಗಳು ಕಾಣಬರುತ್ತವೆ. ಇವೆರಡೂ ಒಂದೇ ಹೆಸರಿನ ಸಂಸ್ಕೃತ ಮತ್ತು ತದ್ಭವ ರೂಪಗಳು. ಸವಂಧವತ್ತಿಯು ಕಾಲಕ್ರಮದಲ್ಲಿ ಸವುಂದತ್ತಿ, ಸವದತ್ತಿ ಎಂದು ಸವೆದು ಬಂದಿದೆ. ಇದರ ಮೂಲ ದೇಶ್ಯರೂಪವು ಯಾವುದಿದ್ದಿತು, ಪಂಡಿತರು ಅದನ್ನು ಸಂಸ್ಕೃತೀಕರಿಸಿ ಸುಗಂಧವರ್ತಿ ಎಂದರೋ ಅಥವಾ ಸಂಸ್ಕೃತನಾಮವೇ ಜನರ ಬಾಯಲ್ಲಿ ತದ್ಭವವಾಯಿತೋ ಎಂಬುದನ್ನು ನಿರ್ಣಯಿಸುವುದು ಸುಲಭವಲ್ಲ. ಶಾಸನಕವಿಗಳು ಊರ ಹೆಸರುಗಳಿಗೆ ಸಂಸ್ಕೃತದ ವೇಷ ತೊಡಿಸುವುದು ರೂಢಿಯಾಗಿದ್ದಿತು. ಬೆಳಗಾವಿಯ ವೇಣುಗ್ರಾಮವೇ ಇದಕ್ಕೆ ನಿದರ್ಶನ. ಆದುದರಿಂದ ಹೆಸರಿನ ಸೌರಭವನ್ನು ನೆಚ್ಚಿ ಸ್ಥಳಪುರಾಣವನ್ನು ಕಟ್ಟುವುದು ಯುಕ್ತವಲ್ಲ.

ಮಲಪ್ರಭಾ ನದಿಯು ಗುಡ್ಡಗಳ ಸಾಲನ್ನು ಭೇದಿಸಿಕೊಂಡು ಹರಿಯುವ ನವಿಲುತೀರ್ಥವು ಪಟ್ಟಣಕ್ಕೆ ಸಮೀಪದಲ್ಲಿದೆ. ಅಲ್ಲಿ 1970ರ ದಶಕದಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ರೇಣುಕಾಸಾಗರವೆಂಬ ಜಲಾಶಯವುಂಟಾಗಿದೆ. ಪಟ್ಟಣದ ದಕ್ಷಿಣಕ್ಕೆ ಪರಸಗಡವೆಂಬ ಹಳೆಯ ಗಿರಿದುರ್ಗವುಂಟು. ಬ್ರಿಟಿಷರ ಆಡಳಿತದಲ್ಲಿ ಈ ತಾಲೂಕಿಗೇ ಪರಸಗಡವೆಂಬ ಹೆಸರಿದ್ದಿತು. ಊರೊಳಗಿನ ಕೋಟೆಯು ಬಹಳ ಈಚಿನದು. 18ನೆಯ ಶತಮಾನದಲ್ಲಿ ಸಿರಸಂಗಿಯ ದೇಸಾಯಿ ಮನೆತನದ ಜಾಯಪ್ಪ ದೇಸಾಯಿಯು ಅದನ್ನು ಕಟ್ಟಿಸಿದನು. ಎಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಪ್ರತೀತಿ. ಹೀಗೆ ಯಾತ್ರಿಕನ ಕಣ್ಣಿಗೆ ಇಂದು ಮೊದಲು ಬೀಳುವ ಸ್ಮಾರಕಗಳು ರಟ್ಟರ ಕಾಲಕ್ಕಿಂತ ಮೂರರಿಂದ ಐದು ಶತಮಾನಗಳಷ್ಟು ಈಚಿನವು. ರಟ್ಟರ ಕಾಲದ ಕಟ್ಟಡಗಳನ್ನು ನೋಡಬೇಕೆನ್ನುವವರು ಊರಿನ ಅಂಕಲೇಶ್ವರ ಮೊದಲಾದ ದೇಗುಲಗಳನ್ನೂ ಸಮೀಪದ ಹೂಲಿ, ಮುನವಳ್ಳಿ, ಸೊಗಲಗಳನ್ನೂ ನೋಡಬೇಕು.

ಈ ಶಾಸನಗಳನ್ನು ಆಧುನಿಕ ವಿದ್ವತ್ತಿನ ಬೆಳಕಿಗೆ ತಂದವರಲ್ಲಿ ಇಬ್ಬರನ್ನು ಸ್ಮರಿಸಬೇಕು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ವಾಲ್ಟರ್ ಎಲಿಯಟ್ಟರು ಲಿಪಿಕಾರರಿಂದ ಕರ್ನಾಟಕದ ನೂರಾರು ಶಾಸನಗಳನ್ನು ಕಾಗದದ ಮೇಲೆ ಬರೆಯಿಸಿ ಸಂಪುಟಗಳನ್ನಾಗಿ ಕಟ್ಟಿದರು. ಅನಂತರ 1870ರ ದಶಕದಲ್ಲಿ ಜೆ. ಎಫ್. ಫ್ಲೀಟರು ಸವದತ್ತಿ ಮತ್ತು ಬೆಳಗಾವಿಯ ರಟ್ಟರಿಗೆ ಸಂಬಂಧಿಸಿದ ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳ ಮಾಲಿಕೆಯನ್ನು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬಳಿಕ ಡಾ. ಪಿ. ಬಿ. ದೇಸಾಯಿಯವರು ತಮ್ಮ 1957ರ ಗ್ರಂಥದಲ್ಲಿ ದಕ್ಷಿಣಭಾರತದ ಜೈನಧರ್ಮದ ದೃಷ್ಟಿಯಿಂದಲೂ, ಡಾ. ಆ. ನೇ. ಉಪಾಧ್ಯೆಯವರು ಯಾಪನೀಯ ಸಂಘದ ಇತಿಹಾಸದ ದೃಷ್ಟಿಯಿಂದಲೂ ಈ ಪ್ರದೇಶದ ಸಾಮಗ್ರಿಯನ್ನು ಬಳಸಿಕೊಂಡರು.

2. ರಟ್ಟರ ಎರಡು ವಂಶಾವಳಿಗಳು

ರಟ್ಟರು ತಮ್ಮನ್ನು ಲತ್ತಲೂರು ಪುರವರಾಧೀಶ್ವರರೆಂದು ಕರೆದುಕೊಂಡರು. ಸುವರ್ಣಗರುಡಧ್ವಜವು ಅವರ ಲಾಂಛನ. ಈಚಿನ ಶಾಸನಗಳು ಅವರನ್ನು ರಾಷ್ಟ್ರಕೂಟ ಕೃಷ್ಣನ ವಂಶದವರೆಂದೇ ಹೊಗಳುತ್ತವೆ. ಸಾಮಂತ ಮನೆತನಗಳು ಏಳಿಗೆಗೆ ಬಂದಾಗ ಚಕ್ರವರ್ತಿಗಳ ವಂಶಕ್ಕೆ ತಮ್ಮ ಮೂಲವನ್ನು ಜೋಡಿಸಿಕೊಳ್ಳುವುದು ಅಪರೂಪವಲ್ಲವಾದ್ದರಿಂದ ಈ ಮಾತನ್ನು ಪ್ರಶಸ್ತಿಯ ಮಾತೆಂದೇ ಗ್ರಹಿಸುವುದು ಕ್ಷೇಮ.

ಸುಗಂಧವರ್ತಿಗೆ ಸಂಬಂಧಿಸಿದಂತೆ ಎರಡು ವಂಶಾವಳಿಗಳು ದೊರೆಯುತ್ತವೆ. ಮೊದಲನೆಯದರಲ್ಲಿ ಮೇರಡ, ಅವನ ಮಗ ಪೃಥ್ವೀರಾಮ, ಅವನ ಮಗ ಪಿಟ್ಟುಗ, ಪಿಟ್ಟುಗನಿಗೆ ನಿಜಿಯಬ್ಬೆಯಲ್ಲಿ ಹುಟ್ಟಿದ ಶಾಂತಿವರ್ಮ, ಹೀಗೆ ನಾಲ್ಕು ತಲೆಗಳು. ಎರಡನೆಯದು ನನ್ನನಿಂದ ಆರಂಭವಾಗುತ್ತದೆ. ಅವನ ಮಗ ಒಂದನೆಯ ಕಾರ್ತವೀರ್ಯ; ಮುಂದೆ ದಾಯಿಮ, ಕನ್ನಕೈರ, ಎರಗ, ಅಂಕ, ಸೇನ ಮೊದಲಾದವರು ಬಂದು, ನಾಲ್ಕನೆಯ ಕಾರ್ತವೀರ್ಯ ಮತ್ತು ಎರಡನೆಯ ಲಕ್ಷ್ಮೀದೇವರೊಡನೆ 13ನೆಯ ಶತಮಾನದ ಪೂರ್ವಾರ್ಧದಲ್ಲಿ ವಂಶವು ಮುಗಿಯುತ್ತದೆ. ಮೊದಲ ಸಾಲಿನ ಶಾಂತಿವರ್ಮನೂ ಎರಡನೆಯ ಸಾಲಿನ ಕಾರ್ತವೀರ್ಯನೂ ಶಕ 902ರಲ್ಲಿ, ಅಂದರೆ ಕ್ರಿ. ಶ. 980ರಲ್ಲಿ, ಚಾಲುಕ್ಯ ಇಮ್ಮಡಿ ತೈಲಪನ ಸಾಮಂತರಾಗಿ ಕಾಣಿಸಿಕೊಳ್ಳುತ್ತಾರೆ. ಒಬ್ಬನ ಶಾಸನವು ಸವದತ್ತಿಯದು, ಇನ್ನೊಬ್ಬನದು ಇಂದಿನ ಬೈಲಹೊಂಗಲ ತಾಲೂಕಿನ ಸೊಗಲದ್ದು. ರಾಷ್ಟ್ರಕೂಟರು ಅಳಿದು ಚಾಲುಕ್ಯರು ಮತ್ತೆ ತಲೆಯೆತ್ತಿದ ಆ ದಶಕದಲ್ಲಿ ಕೂಂಡಿ ನಾಡಿನ ಅಧಿಕಾರವು ಒಂದು ಮನೆತನದಿಂದ ಇನ್ನೊಂದಕ್ಕೆ ಸರಿಯುತ್ತಿದ್ದುದರ ಕುರುಹು ಇದಾಗಿರಬಹುದು.

3. ಶಕ 902ರ ಶಾಸನ

ಸುಗಂಧವರ್ತಿಯ ಜೈನ ಶಾಸನಗಳಲ್ಲಿ ಕಾಲದ ಬಗೆಗೆ ಯಾವ ಸಂದೇಹಕ್ಕೂ ಎಡೆಯಿಲ್ಲದ ಮೊದಲನೆಯದು ಶಾಂತಿವರ್ಮನದು. ಶಕ 902ನೆಯ ವಿಕ್ರಮ ಸಂವತ್ಸರದಲ್ಲಿ ಅವನು ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ಕೊಟ್ಟನು. ಅವನ ತಾಯಿ ನಿಜಿಯಬ್ಬೆಯೂ ಅಷ್ಟೇ ಪ್ರಮಾಣದ ಭೂಮಿಯನ್ನು ದತ್ತಿಯಿತ್ತಳು. ದಾನವು ಸಂದುದು ಯಾಪನೀಯ ಸಂಘದ ಕಂಡೂರು ಗಣದ ಆಚಾರ್ಯಪರಂಪರೆಗೆ. ಬಾಹುಬಲಿದೇವ, ರವಿಚಂದ್ರಸ್ವಾಮಿ, ಅರ್ಹಣಂದಿ, ಶುಭಚಂದ್ರ ಸಿದ್ಧಾಂತದೇವ, ಮೌನಿದೇವ, ಪ್ರಭಾಚಂದ್ರದೇವ ಎಂಬ ಹೆಸರುಗಳು ಅಲ್ಲಿ ಬರುತ್ತವೆ.

ಈ ಶಾಸನದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ತಾಯಿಯ ದಾನವು ಮಗನ ದಾನಕ್ಕೆ ಸಮನಾಗಿದೆ. ರಟ್ಟರ ಅರಮನೆಯಲ್ಲಿ ಜಿನಭಕ್ತಿಯು ಅರಸನೊಬ್ಬನ ಒಲವು ಮಾತ್ರವಾಗಿರದೆ ಕುಲಸ್ತ್ರೀಯರು ಸ್ವತಂತ್ರವಾಗಿ ಭೂದಾನ ಮಾಡುವಷ್ಟರಮಟ್ಟಿಗೆ ಬೇರೂರಿದ್ದಿತೆಂಬುದಕ್ಕೆ ಇದು ಸಾಕ್ಷಿ. ಎರಡನೆಯದಾಗಿ, ಮತ್ತರು ಎಂಬ ಅಳತೆ. ಇದನ್ನು ಇಂದಿನ ಎಕರೆಗಳಿಗೆ ಪರಿವರ್ತಿಸಿ ಹೇಳುವ ಅಭ್ಯಾಸವು ಕೆಲವರಲ್ಲಿದೆ. ಆದರೆ ಅಳೆಯುವ ಕೋಲಿನ ಉದ್ದವು ನಾಡಿನಿಂದ ನಾಡಿಗೆ ಭಿನ್ನವಾಗಿದ್ದುದರಿಂದ ಒಂದೇ ಸೂತ್ರವನ್ನು ಎಲ್ಲೆಡೆ ಹಚ್ಚಲು ಬಾರದು. 300 ಮತ್ತರುಗಳ ಒಟ್ಟು ದತ್ತಿಯು ಒಂದು ಬಸದಿಯ ಪೂಜೆ, ಜೀರ್ಣೋದ್ಧಾರ ಮತ್ತು ಮುನಿಗಳ ಆಹಾರದಾನಗಳಿಗೆ ಸ್ಥಿರವಾದ ಆಧಾರವಾಗಿದ್ದಿತೆಂದು ಮಾತ್ರ ಹೇಳಬಹುದು.

4. ಶಕ 797ರ ಸಮಸ್ಯೆ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಸವದತ್ತಿಯ ಇನ್ನೊಂದು ಶಿಲಾಲೇಖದಲ್ಲಿ ಪೃಥ್ವೀರಾಮನ ವಿಷಯವು ಬಂದಿದೆ. ಮೈಳಾಪತೀರ್ಥದ ಕಾರೇಯ ಗಣದಲ್ಲಿ ಮುಲ್ಲಭಟ್ಟಾರಕ, ಅವರ ಶಿಷ್ಯ ಗುಣಕೀರ್ತಿ, ಅವರ ಶಿಷ್ಯ ಇಂದ್ರಕೀರ್ತಿಸ್ವಾಮಿ; ಪೃಥ್ವೀರಾಮನು ಈ ಇಂದ್ರಕೀರ್ತಿಗಳ ಗುಡ್ಡನಾಗಿದ್ದನು. ಕೃಷ್ಣರಾಜದೇವನು ಅವನನ್ನು ಸಾಮಂತಪದವಿಗೇರಿಸಿದನು. ಅವನು ಸುಗಂಧವರ್ತಿಯಲ್ಲಿ ಜಿನೇಂದ್ರಭವನವನ್ನು ಮಾಡಿಸಿ ಅದಕ್ಕೆ 18 ನಿವರ್ತನ ಭೂಮಿಯನ್ನು ಕೊಟ್ಟನು. ಕಾಲವು ಶಕ 797ನೆಯ ಮನ್ಮಥ ಸಂವತ್ಸರ, ಅಂದರೆ ಕ್ರಿ. ಶ. 875. ಇದರ ಆಧಾರದ ಮೇಲೆ ಸವದತ್ತಿಯ ಮೊದಲ ಬಸದಿಯು 875ರಲ್ಲಿ ಕಟ್ಟಲ್ಪಟ್ಟಿತೆಂದು ಅನೇಕ ಪುಸ್ತಕಗಳು ಹೇಳುತ್ತ ಬಂದಿವೆ.

ಈ ತೇದಿಯನ್ನು ಹಾಗೆಯೇ ಒಪ್ಪಲು ಮೂರು ತೊಡಕುಗಳಿವೆ.

ಮೊದಲನೆಯದು ತಲೆಮಾರಿನ ಲೆಕ್ಕ. ಪೃಥ್ವೀರಾಮನು ಅಜ್ಜ, ಶಾಂತಿವರ್ಮನು ಮೊಮ್ಮಗ. ಅಜ್ಜನ ದಾನವು ಶಕ 797ರಲ್ಲಿ, ಮೊಮ್ಮಗನದು ಶಕ 902ರಲ್ಲಿ. ನಡುವೆ 105 ವರ್ಷಗಳ ಅಂತರ. ಇದು ಸರ್ವಥಾ ಅಸಂಭವವೆನ್ನಲಾಗದು. ಆದರೆ ಇಬ್ಬರೂ ಪ್ರೌಢವಯಸ್ಸಿನಲ್ಲಿ ಅಧಿಕಾರಸ್ಥರಾಗಿ ದಾನ ಮಾಡಿದವರು ಎಂಬುದನ್ನು ನೆನೆದರೆ, ಮೂರೇ ತಲೆಗಳಿಗೆ ಈ ಅಂತರವು ಅತಿಯಾಗುತ್ತದೆ. ಅದರಲ್ಲಿಯೂ 980ರಲ್ಲಿ ಪಿಟ್ಟುಗನ ಹೆಂಡತಿಯಾದ ನಿಜಿಯಬ್ಬೆಯು ಬದುಕಿದ್ದು ಸ್ವತಃ ದತ್ತಿಯಿತ್ತಿದ್ದಾಳೆ. 875ರಲ್ಲಿ ಸಾಮಂತನಾಗಿದ್ದವನ ಸೊಸೆಯು 105 ವರ್ಷಗಳ ಬಳಿಕ ಧಾರೆಯೆರೆಯುತ್ತಿದ್ದಳೆಂದು ಭಾವಿಸುವುದು ಕಷ್ಟ.

ಎರಡನೆಯದು ಅರಸನ ಹೆಸರು. 875ರಲ್ಲಿ ರಾಷ್ಟ್ರಕೂಟ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. ಎರಡನೆಯ ಕೃಷ್ಣನು ಪಟ್ಟವೇರಿದುದು ಅದಕ್ಕೆ ಕೆಲವು ವರ್ಷಗಳ ಅನಂತರ. ಅಮೋಘವರ್ಷನು ಕೊನೆಗಾಲದಲ್ಲಿ ರಾಜ್ಯಭಾರವನ್ನು ಬಿಟ್ಟು ವಿವೇಕಮಾರ್ಗವನ್ನು ಹಿಡಿದನೆಂಬ ಸಂಪ್ರದಾಯವಿರುವುದರಿಂದ, ಯುವರಾಜ ಕೃಷ್ಣನು ತಂದೆಯಿರುವಾಗಲೇ ಆಳುತ್ತಿದ್ದನೆಂದು ಸಮಾಧಾನ ಹೇಳಬಹುದು. ಆದರೆ ಇದು ತೊಡಕನ್ನು ಬಿಡಿಸಲು ತಂದ ಊಹೆ. ಶಾಸನವು ತಾನಾಗಿ ಹೇಳುವ ಮಾತಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಶಿಲಾಲೇಖದ ಸ್ವರೂಪ. ಅದೇ ಕಲ್ಲಿನ ಮುಂದಿನ ಭಾಗದಲ್ಲಿ ಎರಡನೆಯ ಸಾಲಿನ ರಟ್ಟರ ವಂಶಾವಳಿಯೂ ಅವರ ದಾನದ ಉಲ್ಲೇಖವೂ ಇದ್ದು, ಆ ಭಾಗವನ್ನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲಕ್ಕಿಂತ ಹಿಂದೆ, 11ನೆಯ ಶತಮಾನದ ಕೊನೆಗಿಂತ ಮೊದಲು, ಕೆತ್ತಿರಲು ಸಾಧ್ಯವಿಲ್ಲ. ಅಂದರೆ ಈ ಲೇಖವು ಪೃಥ್ವೀರಾಮನು ಹಾಕಿಸಿದ ಕಲ್ಲಲ್ಲ. ಬಸದಿಗೆ ಹಿಂದಿನಿಂದ ಸಂದ ದತ್ತಿಗಳನ್ನೆಲ್ಲ ಒಂದೆಡೆ ಕೂಡಿಸಿ ಎರಡು ಶತಮಾನಗಳ ತರುವಾಯ ಬರೆದಿಟ್ಟ ಸಂಗ್ರಹಶಾಸನ. ಹಸ್ತಪ್ರತಿಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮೂಲಪ್ರತಿಯಲ್ಲ, ಪ್ರತಿಯ ಪ್ರತಿ.

5. ಪ್ರತಿಗಳ ನ್ಯಾಯ

ಓಲೆಗರಿಯ ಪುಷ್ಪಿಕೆಗಳನ್ನು ಪರಿಶೀಲಿಸುವವರಿಗೆ ಇಂತಹ ಸ್ಥಿತಿಯು ಹೊಸದಲ್ಲ. ಲಿಪಿಕಾರನು ತನ್ನ ಮುಂದಿದ್ದ ಪ್ರತಿಯ ಕಾಲಸೂಚನೆಯನ್ನು ಹಾಗೆಯೇ ನಕಲು ಮಾಡಿ, ಕೆಳಗೆ ತನ್ನ ಕಾಲವನ್ನು ಸೇರಿಸುತ್ತಾನೆ. ಕೆಲವೊಮ್ಮೆ ಸೇರಿಸುವುದೇ ಇಲ್ಲ. ಹಳೆಯ ತೇದಿಯನ್ನು ಕಂಡು ಪ್ರತಿಯೇ ಅಷ್ಟು ಹಳೆಯದೆಂದು ನಂಬುವ ಪ್ರಮಾದವು ಅಲ್ಲಿ ಸಹಜ. ಸಂಖ್ಯೆಗಳಂತೂ ನಕಲಿನಲ್ಲಿ ಬೇಗನೆ ಕೆಡುತ್ತವೆ. ಆದ್ದರಿಂದ ಪ್ರತಿಯ ಕಾಲ, ಪ್ರತಿಯಲ್ಲಿ ಹೇಳಿದ ಕಾಲ, ಕೃತಿಯ ಕಾಲ ಎಂಬ ಮೂರನ್ನು ಬೇರೆ ಬೇರೆಯಾಗಿ ಗುರುತಿಸುವುದು ಪರಿಷ್ಕರಣದ ಮೊದಲ ಪಾಠ.

ಇದೇ ಪ್ರದೇಶದಲ್ಲಿ ಇದಕ್ಕೆ ಒಂದು ಉತ್ತಮ ನಿದರ್ಶನವಿದೆ. ಬೈಲಹೊಂಗಲಕ್ಕೆ ಸೇರಿದ ಕಲಭಾವಿಯ ಜೈನಶಾಸನವು ಗಂಗ ಸೈಗೊಟ್ಟ ಪೆರ್ಮಾನಡಿ ಶಿವಮಾರನ ದಾನವನ್ನು ಹೇಳುತ್ತ, ಕುಮ್ಮುದವಾಡದ ಜಿನಾಲಯಕ್ಕೂ ಕಾರೇಯ ಗಣದ ಮೈಳಾಪಾನ್ವಯದ ಆಚಾರ್ಯರಿಗೂ ಸಂದ ದತ್ತಿಯನ್ನು ಶಕ 261ರದೆಂದು ಸೂಚಿಸುತ್ತದೆ. ಅದರಲ್ಲಿಯೇ ಅಮೋಘವರ್ಷನ ಹೆಸರೂ ಬರುತ್ತದೆ. ಶಕ 261 ಎಂದರೆ ಕ್ರಿ. ಶ. 339. ಅಮೋಘವರ್ಷನಾದರೋ 9ನೆಯ ಶತಮಾನದವನು. ಲಿಪಿಯನ್ನು ನೋಡಿದರೆ ಅದು 11ನೆಯ ಶತಮಾನದ ಸುಮಾರಿನದು. ಸಂಖ್ಯೆಯು ಸ್ಪಷ್ಟವಾಗಿ ಅಶುದ್ಧ. ಹಾಗೆಂದ ಮಾತ್ರಕ್ಕೆ ಕುಮ್ಮುದವಾಡದಲ್ಲಿ ಪ್ರಾಚೀನ ಬಸದಿಯೇ ಇರಲಿಲ್ಲವೆಂದು ಹೇಳಲಾಗದು. ಹಳೆಯ ದತ್ತಿಯ ನೆನಪನ್ನು ಬಸದಿಯವರು ಕಾಪಾಡಿಕೊಂಡು ಬಂದು, ಅಗತ್ಯ ಬಿದ್ದಾಗ ಕಲ್ಲಿಗೆ ಏರಿಸಿದರು. ನೆನಪಿನಲ್ಲಿ ವಂಶಗಳೂ ಹೆಸರುಗಳೂ ಉಳಿದವು, ಸಂಖ್ಯೆ ಕೆಟ್ಟಿತು. ಸವದತ್ತಿಯ ಲೇಖವೂ ಇದೇ ಕಾರೇಯ ಗಣಕ್ಕೆ ಸಂಬಂಧಿಸಿದ್ದು, ಇದೇ ಸುತ್ತಿನದು, ಬರೆದ ಕಾಲವೂ ಹೆಚ್ಚುಕಡಿಮೆ ಅದೇ ಎಂಬುದನ್ನು ಲಕ್ಷಿಸಬೇಕು. 11ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಗಣದ ಬಸದಿಗಳು ತಮ್ಮ ಹಳೆಯ ಹಕ್ಕುಗಳನ್ನು ಹೊಸದಾಗಿ ಬರೆಯಿಸಿಕೊಳ್ಳಬೇಕಾದ ಸಂದರ್ಭವು ಒದಗಿರಬಹುದೆಂದು ಊಹಿಸಲು ಎಡೆಯುಂಟು.

ಶಕ 797 ಮತ್ತು ಮನ್ಮಥ ಸಂವತ್ಸರಗಳು ಒಂದಕ್ಕೊಂದು ಸರಿಹೊಂದುತ್ತವೆ. ಆದ್ದರಿಂದ ತೇದಿಯು ಶುದ್ಧವೆಂದು ಕೆಲವರು ವಾದಿಸಬಹುದು. ಈ ವಾದಕ್ಕೆ ಬಲ ಕಡಮೆ. ಅರವತ್ತು ಸಂವತ್ಸರಗಳ ಚಕ್ರವನ್ನು ಬಲ್ಲ ಯಾವ ಜೋಯಿಸನಾದರೂ ಶಕವರ್ಷದಿಂದ ಸಂವತ್ಸರವನ್ನು ಹಿಂದೆಣಿಸಿ ಹೇಳಬಲ್ಲನು. ಸಂವತ್ಸರದ ಹೊಂದಿಕೆಯು ಲೆಕ್ಕದ ಶುದ್ಧಿಯನ್ನು ತೋರಿಸುತ್ತದೆಯೇ ಹೊರತು ಘಟನೆಯ ಕಾಲವನ್ನಲ್ಲ.

ಹಾಗಾದರೆ ಪೃಥ್ವೀರಾಮನು ಯಾವಾಗ ಇದ್ದನು? ಅವನನ್ನು ಉದ್ಧರಿಸಿದ ಕೃಷ್ಣರಾಜನು ಎರಡನೆಯ ಕೃಷ್ಣನಲ್ಲದೆ 939ರಿಂದ 967ರವರೆಗೆ ಆಳಿದ ಮೂರನೆಯ ಕೃಷ್ಣನೆಂದು ಹಿಡಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಅಜ್ಜನು 10ನೆಯ ಶತಮಾನದ ಮಧ್ಯಭಾಗದಲ್ಲಿದ್ದರೆ ಮೊಮ್ಮಗನು 980ರಲ್ಲಿ ಇರುವುದು, ಸೊಸೆಯು ಆಗಲೂ ಜೀವಿಸಿರುವುದು ಸ್ವಾಭಾವಿಕ. ಈ ಅಭಿಪ್ರಾಯವು ಶಾಸನತಜ್ಞರಲ್ಲಿ ಹಿಂದಿನಿಂದಲೂ ಇದೆ. ಜೈನ ಇತಿಹಾಸದ ಪುಸ್ತಕಗಳು ಮಾತ್ರ ಅದನ್ನು ಸಾಕಷ್ಟು ಲಕ್ಷಿಸಿಲ್ಲ. ನಮ್ಮ ಮಟ್ಟಿಗೆ ಈ ಪಕ್ಷವೇ ಬಲವಾದುದೆಂದು ತೋರುತ್ತದೆ. ಇದನ್ನು ಒಪ್ಪಿದರೆ ಸವದತ್ತಿಯ ಮೊದಲ ಬಸದಿಯ ವಯಸ್ಸು ಸುಮಾರು ಎಪ್ಪತ್ತೈದು ವರ್ಷ ಕಡಮೆಯಾಗುತ್ತದೆ. ಕ್ಷೇತ್ರದ ಪ್ರಾಚೀನತೆಯಲ್ಲಿ ಅಭಿಮಾನವುಳ್ಳವರಿಗೆ ಇದು ರುಚಿಸದಿರಬಹುದು. ಆದರೆ ಅನಿಶ್ಚಿತವಾದ 875ಕ್ಕಿಂತ ನಿಶ್ಚಿತವಾದ 980 ಹೆಚ್ಚು ಬೆಲೆಯುಳ್ಳದ್ದು. ಪೃಥ್ವೀರಾಮನ ಜಿನೇಂದ್ರಭವನವಾಗಲಿ ಇಂದ್ರಕೀರ್ತಿಗಳ ಗುರುಪರಂಪರೆಯಾಗಲಿ ಇದರಿಂದ ಅಸತ್ಯವಾಗುವುದಿಲ್ಲ. ಅವುಗಳಿಗೆ ಸರಿಯಾದ ಸ್ಥಾನ ದೊರೆಯುತ್ತದೆ.

6. ಯಾಪನೀಯರ ನೆಲೆ

ಈ ಕಾಲವಿಚಾರವು ಬರಿಯ ಸಂಖ್ಯೆಯ ಚರ್ಚೆಯಲ್ಲ. ಸವದತ್ತಿಯ ಎರಡು ಪ್ರಾಚೀನ ದಾನಗಳೂ ಯಾಪನೀಯರ ಗಣಗಳಿಗೆ ಸಂದವು. ಕಂಡೂರು ಗಣದ ವಿಷಯವನ್ನು ಶಕ 902ರ ಶಾಸನವೇ ಸ್ಪಷ್ಟಪಡಿಸುತ್ತದೆ. ಕಾರೇಯ ಗಣವೂ ಯಾಪನೀಯ ಸಂಘದ್ದೆಂಬುದು ಈ ಜಿಲ್ಲೆಯ ಬಡ್ಲಿಯ 1219ರ ಶಾಸನದಿಂದ ತಿಳಿಯುತ್ತದೆ. ಯಾಪನೀಯರು ದಿಗಂಬರರಂತೆ ನಗ್ನರಾಗಿದ್ದರೂ ಸ್ತ್ರೀಮುಕ್ತಿಯನ್ನೂ ಕೇವಲಿಭುಕ್ತಿಯನ್ನೂ ಒಪ್ಪುತ್ತಿದ್ದರೆಂಬುದು ಪಂಡಿತರಿಗೆ ವಿದಿತವಾದ ವಿಷಯ. ಅಮೋಘವರ್ಷನ ಕಾಲದ ವೈಯಾಕರಣನಾದ ಶಾಕಟಾಯನ ಪಾಲ್ಯಕೀರ್ತಿಯು ಈ ಎರಡು ವಿಷಯಗಳನ್ನೇ ಕುರಿತು ಪ್ರಕರಣಗಳನ್ನು ರಚಿಸಿದ ಯಾಪನೀಯಾಚಾರ್ಯ.

ಈ ಸಂಘಕ್ಕೆ ಇಂದು ಅನುಯಾಯಿಗಳಿಲ್ಲ. ಅದರ ಬಸದಿಗಳೂ ಬಿಂಬಗಳೂ ಶಾಸ್ತ್ರಗ್ರಂಥಗಳೂ ಕ್ರಮೇಣ ದಿಗಂಬರ ಸಮಾಜದಲ್ಲಿ ಲೀನವಾದವು. ಬೆಳಗಾವಿಯ ದೊಡ್ಡ ಬಸದಿಯ ನೇಮಿನಾಥ ಬಿಂಬದ ಲೇಖವು 1013ರಲ್ಲಿ ಪಾರಿಸಯ್ಯನು ಕಟ್ಟಿಸಿದ ಯಾಪನೀಯ ಬಸದಿಯನ್ನು ಹೇಳುತ್ತದೆ. ಪೂಜೆ ಸಲ್ಲಿಸುವ ಶ್ರಾವಕರಾದರೋ ದಿಗಂಬರರು. ಸವದತ್ತಿಗೆ ಒಂಬತ್ತು ಕಿಲೋಮೀಟರ್ ದೂರದ ಹೂಲಿ, ಅಂದಿನ ಪೂಲಿ, ಸಾಸಿರ್ವರ್ ಮಹಾಜನರ ಅಗ್ರಹಾರವಾಗಿದ್ದಿತು. ಅಲ್ಲಿಯೂ 1044ರಲ್ಲಿ ಲಚ್ಚಿಯಬ್ಬರಸಿಯು ಬಸದಿಯನ್ನು ಮಾಡಿಸಿ ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣದ ಬಾಲಚಂದ್ರ ಭಟ್ಟಾರಕರಿಗೆ ದತ್ತಿಯಿತ್ತಳು. ಹೊಸೂರು, ಮುನವಳ್ಳಿಗಳ ಶಾಸನಗಳಲ್ಲಿಯೂ ಯಾಪನೀಯ ಮುನಿಗಳ ಹೆಸರುಗಳುಂಟು. ಹೀಗೆ ಮಲಪ್ರಭೆಯ ದಂಡೆಯ ಕೆಲವೇ ಹರಿದಾರಿಗಳ ಸುತ್ತಿನಲ್ಲಿ ಕಂಡೂರು, ಕಾರೇಯ, ಪುನ್ನಾಗವೃಕ್ಷಮೂಲ ಎಂಬ ಮೂರು ಗಣಗಳು ಏಕಕಾಲದಲ್ಲಿ ಬಾಳಿದವು. ಲುಪ್ತವಾದ ಒಂದು ಸಂಘದ ಆಚಾರ್ಯಪರಂಪರೆಯನ್ನು ಪುನಃ ಕಟ್ಟಬೇಕಾದರೆ ಪ್ರತಿಯೊಂದು ಶಾಸನದ ಕಾಲವೂ ಗಟ್ಟಿಯಾಗಿರಬೇಕು. ಬುಡದ ತೇದಿಯು ಎಪ್ಪತ್ತೈದು ವರ್ಷ ಹಿಂದುಮುಂದಾದರೆ ಮೂರು ತಲೆಮಾರಿನ ಗುರುಗಳ ಕಾಲವೆಲ್ಲ ಕದಲುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಜೈನ ಮುನಿಗಳ ಹೆಸರುಗಳು ಪುನರಾವರ್ತನೆಯಾಗುತ್ತವೆ. ಮುನವಳ್ಳಿಯ 12ನೆಯ ಶತಮಾನದ ಲೇಖವು ಯಾಪನೀಯ ಮುನಿಚಂದ್ರದೇವರ ಸಮಾಧಿಯನ್ನೂ ಅವರ ಶಿಷ್ಯ ಪಾಲ್ಯಕೀರ್ತಿಗಳನ್ನೂ ಹೇಳುತ್ತದೆ. ಈ ಪಾಲ್ಯಕೀರ್ತಿಗಳು ವೈಯಾಕರಣ ಶಾಕಟಾಯನರಲ್ಲ. ನಡುವೆ ಮೂರು ಶತಮಾನಗಳ ಅಂತರವಿದೆ. ಅಂತೆಯೇ ಈ ಮುನಿಚಂದ್ರರನ್ನು ಮುಂದೆ ಹೇಳಲಿರುವ ರಾಜಗುರು ಮುನಿಚಂದ್ರನೊಡನೆ ಹೆಸರಿನ ಸಾಮ್ಯದಿಂದಲೇ ಒಂದುಗೂಡಿಸಬಾರದು.

7. ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ

ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ರಟ್ಟರ ಅಧಿಕಾರಕೇಂದ್ರವು ವೇಣುಗ್ರಾಮಕ್ಕೆ ಸರಿಯಿತು. ಅವನ ಮಂತ್ರಿ ಬೀಚಣನು ಅಲ್ಲಿ ರಟ್ಟಜಿನಾಲಯವನ್ನು ಕಟ್ಟಿಸಿ, 1204ರಲ್ಲಿ ಶುಭಚಂದ್ರ ಭಟ್ಟಾರಕರಿಗೆ ದತ್ತಿಗಳನ್ನು ಬಿಡಿಸಿದನು. ಬೆಳಗಾವಿಯ ಕೋಟೆಯಲ್ಲಿ ಕಮಲಬಸದಿಯೆಂದು ಪ್ರಸಿದ್ಧವಾಗಿರುವ ಕಟ್ಟಡವು ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅದಕ್ಕೆ ಸಂಬಂಧಿಸಿದ ಎರಡು ಶಾಸನಶಿಲೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ. ಸವದತ್ತಿಯಲ್ಲಿ ಶಾಸನವುಳಿದು ಕಟ್ಟಡ ಹೋಯಿತು. ಬೆಳಗಾವಿಯಲ್ಲಿ ಕಟ್ಟಡವುಳಿದು ಶಾಸನವು ಸಮುದ್ರದಾಚೆ ಸೇರಿತು. ಅದೇ 1204ರಲ್ಲಿ ಗೋಕಾಕ ಸೀಮೆಯ ಕಲ್ಹೋಳಿಯಲ್ಲಿಯೂ ಶಾಂತಿನಾಥ ಬಸದಿಗೆ ದತ್ತಿ ಸಂದಿತು.

ಇಲ್ಲಿಯೂ ಹೆಸರಿನ ಗೊಂದಲಕ್ಕೆ ಅವಕಾಶವುಂಟು. ಯಾದವ ಸಿಂಘಣನ ದಂಡನಾಯಕನೊಬ್ಬನಿಗೂ ಬೀಚಣನೆಂಬ ಹೆಸರು. 1238ರ ಹರಳಹಳ್ಳಿಯ ತಾಮ್ರಶಾಸನವು ರಟ್ಟರನ್ನು ಅಡಗಿಸಿದವನೆಂದು ಅವನನ್ನು ಹೊಗಳುತ್ತದೆ. ಬಸದಿ ಕಟ್ಟಿಸಿದ ಬೀಚಣನೂ ರಟ್ಟರನ್ನು ಮುರಿದ ಬೀಚಣನೂ ಬೇರೆ ಬೇರೆ ವ್ಯಕ್ತಿಗಳು.

ಹಸ್ತಪ್ರತಿಗಳ ಅಧ್ಯಯನಕ್ಕೆ ಈ ಘಟ್ಟವು ವಿಶೇಷ ಮಹತ್ತ್ವದ್ದು. 1222ರಲ್ಲಿ ಪಾರ್ಶ್ವನಾಥಪುರಾಣವನ್ನು ರಚಿಸಿದ ಪಾರ್ಶ್ವಪಂಡಿತನು ರಟ್ಟರ ಆಸ್ಥಾನದವನು. ಹೀಗೆ ಶಾಸನ ಮತ್ತು ಚಂಪೂಕಾವ್ಯಗಳೆರಡೂ ಒಂದೇ ವಿದ್ವದ್ವಲಯದಿಂದ ಹೊರಟ ಉದಾಹರಣೆ ಇಲ್ಲಿದೆ. ಕಾವ್ಯದ ಪೀಠಿಕಾಭಾಗದ ಗುರುಸ್ತುತಿಗಳನ್ನೂ ಶಾಸನಗಳ ಗುರ್ವಾವಳಿಗಳನ್ನೂ ಸಾಲುಸಾಲಾಗಿ ತಾಳೆನೋಡಿದರೆ ರಟ್ಟರ ಕಡೆಗಾಲದ ಆಚಾರ್ಯಪರಂಪರೆಯು ಹೆಚ್ಚು ಸ್ಪಷ್ಟವಾದೀತು.

8. ಶಕ 1151ರ ಶಾಸನ

ರಾಜಧಾನಿ ಸರಿದರೂ ಸುಗಂಧವರ್ತಿಯ ಮಹತ್ತ್ವ ಅಳಿಯಲಿಲ್ಲ. ಎರಡನೆಯ ಲಕ್ಷ್ಮೀದೇವನ ಕಾಲದ, ಶಕ 1151ನೆಯ ಸರ್ವಧಾರಿ ಸಂವತ್ಸರದ, ಅಂದರೆ ಕ್ರಿ. ಶ. 1228ರ ಶಾಸನವು ಅಲ್ಲಿಯೇ ದೊರೆತಿದೆ. ಶ್ರೀಶೈಲದ ಭಕ್ತನಾದ ಕೇಶಿರಾಜನು ಊರ ಹೊರಗೆ ನಾಗರಕೆರೆಯ ದಂಡೆಯ ಮೇಲೆ ಮಲ್ಲಿನಾಥನ ಗುಡಿಯನ್ನು ಕಟ್ಟಿಸಿದುದನ್ನೂ ಅದಕ್ಕೆ ಸಂದ ದತ್ತಿಗಳನ್ನೂ ಅದು ಹೇಳುತ್ತದೆ. ಮಲ್ಲಿನಾಥನೆಂಬ ಹೆಸರನ್ನು ಕಂಡೊಡನೆ ಅದು ಹತ್ತೊಂಬತ್ತನೆಯ ತೀರ್ಥಂಕರರ ಬಸದಿಯೆಂದು ಭಾವಿಸಬಾರದು. ಇಲ್ಲಿ ಉದ್ದಿಷ್ಟನಾದವನು ಶ್ರೀಶೈಲದ ಮಲ್ಲಿಕಾರ್ಜುನ.

ಈ ಶೈವಶಾಸನದಲ್ಲಿಯೇ ರಾಜಗುರು ಮುನಿಚಂದ್ರದೇವನ ಉಜ್ಜ್ವಲವಾದ ಪ್ರಶಸ್ತಿಯಿದೆ. ಕಾರ್ತವೀರ್ಯನಿಗೆ ಗುರುವಾಗಿ, ಲಕ್ಷ್ಮೀದೇವನಿಗೆ ಶಸ್ತ್ರಶಾಸ್ತ್ರಗಳನ್ನು ಕಲಿಸಿ, ಶತ್ರುಗಳನ್ನು ಅಡಗಿಸಿ ರಾಜ್ಯವನ್ನು ನೆಲೆಗೊಳಿಸಿದುದರಿಂದ ರಟ್ಟರಾಜ್ಯ ಪ್ರತಿಷ್ಠಾಚಾರ್ಯನೆಂಬ ಬಿರುದು ಅವನಿಗೆ ಸಂದಿತು. ಶಾಂತಿನಾಥ, ನಾಗ, ಮಲ್ಲಿಕಾರ್ಜುನ ಎಂಬವರು ಅವನ ಸಹಾಯಕರಾಗಿದ್ದರು. ಮುನಿದೀಕ್ಷೆಯನ್ನು ತಳೆದವನು ದಂಡನೀತಿಯಲ್ಲಿಯೂ ಸೇನಾಕಾರ್ಯದಲ್ಲಿಯೂ ತೊಡಗುವುದು ಹೇಗೆ ಯುಕ್ತವೆಂಬ ಪ್ರಶ್ನೆಯು ಮೂಲಗುಣಗಳನ್ನು ಬಲ್ಲ ಓದುಗರಿಗೆ ಏಳದಿರದು. ಗಂಗರಾಜ್ಯದ ಸ್ಥಾಪನೆಗೆ ನೆರವಾದ ಸಿಂಹನಂದ್ಯಾಚಾರ್ಯರ ಸಂಪ್ರದಾಯವು ಇಂತಹ ಪ್ರಶಸ್ತಿಗಳಿಗೆ ಮಾದರಿಯಾಗಿದ್ದಿರಬಹುದು. ಪ್ರಶಸ್ತಿಕಾರನ ಅತಿಶಯೋಕ್ತಿಯನ್ನು ಕಳೆದರೂ, ರಾಜ್ಯದ ಆಲೋಚನೆಯಲ್ಲಿ ಅವನ ಮಾತು ನಡೆಯುತ್ತಿದ್ದಿತೆಂಬುದು ನಿಶ್ಚಯ. ಅಂತಹ ಜೈನಗುರುವಿನ ಹೊಗಳಿಕೆಯು ಶಿವಾಲಯದ ದಾನಶಾಸನದಲ್ಲಿ ಬಂದಿರುವುದು ಅಂದಿನ ಸುಗಂಧವರ್ತಿಯ ಸಮಾಜಸ್ಥಿತಿಯನ್ನು ತಿಳಿಸುತ್ತದೆ.

9. ಕಟ್ಟಡಗಳನ್ನು ಗುರುತಿಸುವ ಬಗೆ

ಕೊನೆಯದಾಗಿ ಕಟ್ಟಡಗಳ ವಿಷಯ. 19ನೆಯ ಶತಮಾನದ ಗ್ಯಾಸೆಟಿಯರುಗಳಲ್ಲಿ ಈ ಭಾಗದ ಅನೇಕ ಹಳೆಯ ಗುಡಿಗಳಿಗೆ ಜೈನ ಗುಡಿಗಳೆಂದು ಹೆಸರಿಟ್ಟಿರುವುದು ಕಂಡುಬರುತ್ತದೆ. ಅಂದಿನ ಬರಹಗಾರರಿಗೆ ಜೈನಶೈಲಿಯೆಂಬುದು ಒಂದು ವಾಸ್ತುರೀತಿಯ ಹೆಸರಾಗಿದ್ದಿತು. ತಿರುಗಣೆಯ ಕಂಬಗಳೂ ಮೆಟ್ಟಿಲು ಮೆಟ್ಟಿಲಾದ ಶಿಖರವೂ ಇದ್ದ ಗುಡಿಯನ್ನೆಲ್ಲ ಹಾಗೆ ಕರೆಯುತ್ತಿದ್ದರು. ಅದನ್ನೇ ಹಿಡಿದುಕೊಂಡು ಪ್ರತಿಯೊಂದು ಗುಡಿಯೂ ಮೊದಲು ಬಸದಿಯಾಗಿದ್ದಿತೆಂದು ವಾದಿಸುವುದು ಶಾಸ್ತ್ರೀಯವಲ್ಲ. ಬಾಗಿಲವಾಡದ ಲಲಾಟದಲ್ಲಿ ಗಜಲಕ್ಷ್ಮಿಯಿದ್ದ ಮಾತ್ರಕ್ಕೆ ಯಾವುದೂ ನಿರ್ಣಯವಾಗದು. ಬಸದಿಗಳಲ್ಲಿಯೂ ಶಿವಾಲಯಗಳಲ್ಲಿಯೂ ಅದು ಕಾಣಬರುತ್ತದೆ. ಪರ್ಯಂಕಾಸನದ ಜಿನಬಿಂಬ, ಮುಕ್ಕೊಡೆ, ಯಕ್ಷಯಕ್ಷಿಯರು, ಸ್ಥಳದಲ್ಲಿಯೇ ಇರುವ ಶಾಸನ, ಇವುಗಳಲ್ಲಿ ಒಂದಾದರೂ ದೃಢವಾಗಿ ದೊರೆತಾಗ ಮಾತ್ರ ಬಸದಿಯೆಂದು ಹೇಳಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬಸದಿಯೆಂದು ಸ್ಪಷ್ಟವಾಗಿ ತೋರುವ ಕುರುಹುಗಳಿದ್ದರೂ ಇಂದಿನ ಪೂಜಾಕ್ರಮವನ್ನು ನೋಡಿ ಅದನ್ನು ಉಪೇಕ್ಷಿಸುವುದೂ ಯುಕ್ತವಲ್ಲ. ಎರಡು ಕಡೆಗೂ ಒಂದೇ ಅಳತೆಗೋಲಿರಬೇಕು.

ಮೇಲಿನ ವಿವೇಚನೆಯಿಂದ ಫಲಿಸುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಸವದತ್ತಿಯ ಜೈನ ಇತಿಹಾಸಕ್ಕೆ ದೃಢವಾದ ಮೊದಲ ತೇದಿ ಕ್ರಿ. ಶ. 980. ಶಕ 797ರ ದಾನವನ್ನು ಉಲ್ಲೇಖಿಸುವಾಗ, 11ನೆಯ ಶತಮಾನದ ಅಂತ್ಯದ ಲೇಖದಲ್ಲಿ ಹೇಳಿದಂತೆ ಎಂಬ ವಿಶೇಷಣವನ್ನು ತಪ್ಪದೆ ಸೇರಿಸಬೇಕು. ಪೃಥ್ವೀರಾಮನು ಮೂರನೆಯ ಕೃಷ್ಣನ ಸಮಕಾಲೀನನೆಂಬ ಪಕ್ಷವು ಹೆಚ್ಚು ಸಂಗತ. ಕೂಂಡಿ ನಾಡು ಯಾಪನೀಯ ಗಣಗಳ ಮುಖ್ಯ ನೆಲೆಗಳಲ್ಲೊಂದಾಗಿದ್ದು, ಆ ಸಂಘದ ಇತಿಹಾಸವನ್ನು ಬರೆಯುವವರಿಗೆ ಸವದತ್ತಿ, ಹೂಲಿ, ಮುನವಳ್ಳಿ, ಕಲಭಾವಿಗಳ ಶಾಸನಗಳು ಪ್ರಥಮ ಸಾಮಗ್ರಿ.

ಮುಂದೆ ಆಗಬೇಕಾದ ಕಾರ್ಯವೂ ಇದರಿಂದಲೇ ಸೂಚಿತವಾಗುತ್ತದೆ. ಫ್ಲೀಟರ ಪಾಠಗಳು ಸಿದ್ಧವಾಗಿ ಒಂದೂವರೆ ಶತಮಾನ ಕಳೆದಿದೆ. ಮೂಲಶಿಲೆಗಳ ಹೊಸ ಅಚ್ಚುಗಳನ್ನು ತೆಗೆದು, ಎಲಿಯಟ್ಟರ ಕಾಗದದ ಪ್ರತಿಗಳೊಡನೆ ತಾಳೆನೋಡಿ, ಶಕ 797ರ ಭಾಗ ಮತ್ತು ಅದರ ಮುಂದಿನ ಭಾಗಗಳ ಲಿಪಿಯು ಒಂದೇ ಕೈಯದೋ ಅಲ್ಲವೋ ಎಂಬುದನ್ನು ಅಕ್ಷರಶಃ ಪರೀಕ್ಷಿಸಬೇಕು. ಗಾಳಿಮಳೆಗೆ ಒಡ್ಡಿದ ಕಲ್ಲಿನ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತವೆ. ಈ ತಲೆಮಾರು ಓದದಿದ್ದುದನ್ನು ಮುಂದಿನವರು ಓದಲಾರರು. ಗ್ರಂಥಭಂಡಾರಗಳಲ್ಲಿ ಒಂದು ಓಲೆ ಮುರಿದರೆ ಮರುಗುವ ಪಂಡಿತರು ಊರ ಹೊರಗೆ ನಿಂತಿರುವ ಈ ಕಲ್ಲುಗಳ ಮೇಲೂ ಅಷ್ಟೇ ಕಾಳಜಿಯನ್ನು ವಹಿಸುವರೆಂದು ಆಶಿಸುತ್ತೇವೆ.